ಅಪ್ಪನ ಕ್ಯಾಮೆರಾಕ್ಕೆ ರೀಲು ಹಾಕಿದವಳು

೯ ಜನವರಿ ೨೦೦೦, ಭಾನುವಾರ

ಬೆಳಿಗ್ಗೆಯೆಲ್ಲ ನಾನು ಕಲಿಸುವ ನಾರಾಯಣಗೂಡದ ಕೋಚಿಂಗಿನ ಹುಡುಗರ ಗಣಿತದ ಪೇಪರು ತಿದ್ದಿದ್ದೇ ಆಯಿತು. ಇಂಟಿಗ್ರೇಶನ್ ಬರುವುದಿಲ್ಲ, ಆದರೆ ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಅಪ್ಪನ ತಟ್ಟೆಗೆ ರೊಟ್ಟಿ ಮುರಿದು ಹಾಕಿದೆ. ಅವನ ಕೈ ನಡುಕ ಹೆಚ್ಚಾಗಿದೆ.

ಊಟವಾದ ಮೇಲೆ ಅಪ್ಪ ಕಪಾಟಿನಿಂದ ಲೈಕಾ ಕ್ಯಾಮೆರಾ ತೆಗೆದ. ರೈಲ್ವೆಯಲ್ಲಿ ಫೋಟೋಗ್ರಾಫರ್ ಆಗಿದ್ದಾಗ ಲಾಲಾಗುಡದ ಆಂಗ್ಲೋ-ಇಂಡಿಯನ್ ಡ್ರೈವರನೊಬ್ಬ ಆಸ್ಟ್ರೇಲಿಯಕ್ಕೆ ಹೋಗುವ ಮುಂಚೆ ಕೊಟ್ಟದ್ದು. ನನ್ನ ನಲವತ್ತೊಂದು ವರ್ಷದಲ್ಲಿ ಅದರ ಬಗ್ಗೆ ನನಗೆ ಸಿಕ್ಕ ಪಾಠ ಒಂದೇ — "ಮುಟ್ಟಬ್ಯಾಡ".

"ಕೋಕಿಲಾ, ಬಾರವ್ವಾ. ನನ್ನ ಕೈ ಮಾತ ಕೇಳವಲ್ಲವು. ರೀಲು ನೀ ಹಾಕು."

ಕೋಕಿಲಾ ತಮ್ಮ ಬಸವರಾಜನ ಹೆಂಡತಿ. ಮಾಧಾಪುರದಲ್ಲಿ ಸಾಫ್ಟ್‌ವೇರ್ ಕೆಲಸ. ಈ ಮನೆಗೆ ಬಂದು ಇನ್ನೂ ವರ್ಷವಾಗಿಲ್ಲ. ನಾನು ಅದೇ ಕೋಣೆಯಲ್ಲಿದ್ದೆ, ಕೆಂಪು ಪೆನ್ನು ಹಿಡಿದುಕೊಂಡು.

೧೬ ಜನವರಿ

ಕೋಕಿಲಾಗೆ ಮತ್ತೆ ಪಾಠ. ಹಿಂಬದಿ ತೆರೆಯುವ ಕ್ಯಾಮೆರಾ ಅಲ್ಲ ಇದು, ತಳದ ಮುಚ್ಚಳ ತೆಗೆಯಬೇಕು. ಡಬ್ಬಿಯಿಂದ ಹೊರಗೆ ಚಾಚಿದ ಫಿಲ್ಮಿನ ನಾಲಿಗೆಯನ್ನು ಕತ್ತರಿಯಿಂದ ಇನ್ನಷ್ಟು ಉದ್ದಕ್ಕೆ ಕತ್ತರಿಸಬೇಕು. ಅದನ್ನು ಫಿಲ್ಮು ಸುತ್ತಿಕೊಳ್ಳುವ ಖಾಲಿ ಸ್ಪೂಲಿಗೆ ಸಿಕ್ಕಿಸಿ, ಸ್ಪೂಲು, ಡಬ್ಬಿ ಎರಡನ್ನೂ ಜೊತೆಯಲ್ಲೇ ಒಳಗೆ ಇಳಿಸಬೇಕು. ಅವಳು ಓರೆಯಾಗಿ ಕತ್ತರಿಸಿದಳು. ಅಪ್ಪ ನಕ್ಕ. ಅವ್ವ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ.

ಅವಳ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಮರೆತದ್ದಲ್ಲ.

೨೨ ಜನವರಿ

ಕಲ್ಯಾಣಪ್ಪಕಾಕಾ ಬಂದಿದ್ದರು, ಹೆಂಡತಿ ಹಂಪಮ್ಮಕಾಕು ಜೊತೆ. ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಅಪ್ಪನ ಜೀವದ ಗೆಳೆಯ. ಇಲ್ಲೇ ಮಲ್ಕಾಜ್‌ಗಿರಿಯಲ್ಲಿ ಅವರೇ ನಿಂತು ಕಟ್ಟಿಸಿದ ಮನೆ ಬಿಲ್ಡರ್‌ಗೆ ಹೋಯಿತಂತೆ. ಅಪಾರ್ಟ್‌ಮೆಂಟ್ ಏಳುತ್ತದಂತೆ. ಇಬ್ಬರೂ ಗುಲ್ಬರ್ಗಕ್ಕೆ, ಮಗಳ ಕಡೆ ಹೋಗುತ್ತಾರಂತೆ.

"ಕಾಶಿನಾಥ, ಕೆಡವೋದರಾಗ ಮನಿ ಮುಂದ ನಮ್ಮಿಬ್ಬರದು ಒಂದು ತಗದು ಕೊಡಪಾ" ಎಂದರು ಕಾಕಾ ಅಪ್ಪನಿಗೆ.

"ನಾಳೆನ ಬರ್ತೀವಿ. ನಾನು, ಕೋಕಿಲಾ."

ನಾನು, ಕೋಕಿಲಾ. ಹಾಗೇ ಹೇಳಿದ.

೨೩ ಜನವರಿ, ಸಂಜೆ

ಕರೆಯದೆಯೇ ಹೋದೆ. ಕಾಕು ಇಲಕಲ್ ಸೀರೆ ಉಟ್ಟು ಬಾಗಿಲಿಗೆ ತೋರಣ ಕಟ್ಟಿದ್ದರು. ಕೆಡವುವ ಮನೆಗೆ ತೋರಣ. ಬೇವಿನ ನೆರಳಲ್ಲಿ ಕೋಕಿಲಾ ರೀಲು ಹಾಕಿದಳು. ಅಪ್ಪ ಕಾಕಾನ ಜೊತೆ ಮಾತಿನಲ್ಲಿದ್ದ.

ಮುಚ್ಚಳ ಹಾಕಿ, ಫಿಲ್ಮು ಮುಂದೆ ಸರಿಸುವ ಗುಂಡಿ ತಿರುವಿದಳು. ತಿರುವುವಾಗ ಆ ಕಡೆಯ, ಫಿಲ್ಮು ಹಿಂದಕ್ಕೆ ಸುತ್ತುವ ರಿವೈಂಡ್ ಗುಂಡಿಯೂ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಸ್ಪೂಲಿನಿಂದ ಜಾರಿದೆ ಎಂದರ್ಥ, ಒಂದು ಫೋಟೋವೂ ಬರುವುದಿಲ್ಲ.

ತಿರುಗಲಿಲ್ಲ. ನಾನು ನೋಡಿದೆ. ಬಾಯಿ ತೆರೆಯಲಿಲ್ಲ.

ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟು ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದ. ಆಗಲಿ, ಅನಿಸಿತು. ಒಂದು ಸಲ ಅವಳಿಂದ ತಪ್ಪಾಗಲಿ…

ಮನೆಯ ಮುಂದೆ, ತುಳಸಿಯ ಹತ್ತಿರ, ಬಾವಿಯ ಹತ್ತಿರ. ಇಡೀ ರೀಲು ತೆಗೆದರು. ಕಾಕು ನನ್ನ ಕೈ ಹಿಡಿದು "ನೀನೂ ನಿಂದರು ಬಾ" ಎಂದು ಎಳೆದರು. ನಿಂತೆ.

೨೯ ಜನವರಿ

ಕೋಠಿಯ ಲ್ಯಾಬಿನಿಂದ ನೆಗೆಟಿವ್ ಬಂತು. ಗಾಜಿನಂತೆ ತಿಳಿ. ಏನೂ ಇಲ್ಲ. ಬಸ್ಸಿನಿಂದ ನೋಡಿದೆ, ಕಾಕಾನ ಮನೆಯ ಜಾಗದಲ್ಲಿ ಇಟ್ಟಿಗೆಯ ರಾಶಿ, ಜೆಸಿಬಿ.

ಕೋಕಿಲಾ ಅತ್ತಳು. "ನಾನ ಸರಿ ಹಾಕಲಿಲ್ಲರಿ ಮಾವಾರ."

ಅಪ್ಪ ಕೈಯನ್ನು ಅವಳ ತಲೆಯ ಮೇಲಿಟ್ಟ. "ಅಳಬ್ಯಾಡವ್ವಾ. ನಂದೂ ಮೊದಲನೇ ರೀಲು ಖಾಲಿನ ಬಂದಿತ್ತು."

ತಪ್ಪು ಮಾಡಿಯೂ ತಲೆಯ ಮೇಲೆ ಕೈ. ನನಗೆ ರ‍್ಯಾಂಕ್ ಬಂದಾಗ ಇಟ್ಟಿರಲಿಲ್ಲ ಆ ಕೈ.

೩೦ ಜನವರಿ

ಅಪ್ಪನಿಗೆ ಹೇಳಿಬಿಟ್ಟೆ. ಪಶ್ಚಾತ್ತಾಪ ಅರ್ಧ. ಇನ್ನರ್ಧ… ಆ ತಪ್ಪಾದರೂ ನನ್ನದಾಗಲಿ ಎಂಬ ಆಸೆ.

"ಅಪ್ಪಾ, ಗುಂಡಿ ತಿರುಗಲಿಲ್ಲ. ನಾ ನೋಡಿದ್ದೆ. ಹೇಳಲಿಲ್ಲ."

"ತಿರುಗಬೇಕಂತ ನಿನಗ ಯಾರು ಹೇಳಿದ್ರು?"

"ಯಾರೂ ಇಲ್ಲ. ನೀ ಹಾಕೋದು ಸಣ್ಣಾಕಿದ್ದಾಗಿಂದ ನೋಡೀನಿ."

"ಮತ್ತ ಯಾಕ ಹೇಳಲಿಲ್ಲ?"

"ಒಂದು ಸಲನೂ ನನ್ನ ಕರೀಲಿಲ್ಲ ನೀ."

ಅಪ್ಪ ಖಾಲಿ ನೆಗೆಟಿವ್ ಮತ್ತೆ ಲಕೋಟೆಗೆ ಹಾಕಿದ. ಆಮೇಲೆ, "ಕಲ್ಯಾಣಪ್ಪನ ಮನಿ ನಿನಗೇನು ಮಾಡಿತ್ತು?" ಎಂದು ಕೇಳಿ ಎದ್ದು ಹೋದ.

ಅಡುಗೆಮನೆಯಿಂದ ಕೋಕಿಲಾ ಹೊರಗೆ ಬಂದಳು. ಎಲ್ಲ ಕೇಳಿಸಿತ್ತು. "ಮಾವಾರು ನಿಮ್ಮನ್ನ ಕರೀಲಿಲ್ಲಂದ್ರ ನನಗ್ಯಾಕ್ರಿ ಶಿಕ್ಷಾ, ಅಕ್ಕಾರ?"

ನಾನು ಪೇಪರಿನ ಕಟ್ಟು ಎತ್ತಿಕೊಂಡು ಒಳಗೆ ಹೋದೆ.

೯ ಫೆಬ್ರವರಿ

ಬರೆಯಲು ಮನಸ್ಸಾಗಿಲ್ಲ. ಅಪ್ಪ ಮಾತಾಡುವುದಿಲ್ಲ. ರೊಟ್ಟಿ ತಾನೇ ಮುರಿಯಲು ನೋಡುತ್ತಾನೆ, ಅರ್ಧ ನೆಲಕ್ಕೆ.

ಇವತ್ತು ನಾಚಾರಂಗೆ ಹೋದೆ. ಕಾಕಾ-ಕಾಕು ಅಲ್ಲಿ ನೆಂಟರ ಮನೆಯಲ್ಲಿದ್ದಾರೆ, ಭಾನುವಾರ ಗುಲ್ಬರ್ಗದ ಗಾಡಿ. ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಕಾ ಕಿಟಕಿಯ ಕಡೆ ತಿರುಗಿದರು. ಕಾಕು ಬಿಡಲಿಲ್ಲ.

"ಆಕಿ ಮ್ಯಾಲಿನ ಸಿಟ್ಟು ನನ್ನ ಮನಿ ಮ್ಯಾಲ ತಗದಿಯಲ್ಲ, ವಿಜಯಾ. ಫೋಟೋ ಇಲ್ಲಂದ್ರ ನಾ ಮನಿ ಮರೀತೀನೇನು? ಮರಿಯಂಗಿಲ್ಲ. ಆದ್ರ ಮೊಮ್ಮಕ್ಕಳಿಗೆ ತೋರ್ಸಾಕ ಏನೂ ಉಳೀಲಿಲ್ಲ ನೋಡು."

ಅಷ್ಟು ಹೇಳಿ ಚಹಾ ತಂದುಕೊಟ್ಟರು. ಕುಡಿದು, ಲೋಟ ತೊಳೆದಿಟ್ಟು ಬಂದೆ.

೧೨ ಫೆಬ್ರವರಿ

ಸ್ಟೇಶನ್ನಿನಲ್ಲಾದರೂ ಅವರ ಫೋಟೋ ತೆಗೆಯಬೇಕು ಎಂದು ಅಪ್ಪ ಲೈಕಾ ಹೊರಗಿಟ್ಟ. ಕೋಕಿಲಾಳನ್ನು ಕರೆದ. ಅವಳು ಮುಟ್ಟಲಿಲ್ಲ. "ನನಗ ಬ್ಯಾಡರಿ. ಅಕ್ಕಾರಿಗೆ ಹೇಳ್ರಿ."

ಬೇಕೆಂದದ್ದು ಸಿಕ್ಕಿತು, ಅವಳು ಬಿಟ್ಟುಕೊಟ್ಟದ್ದರಿಂದ. ಅದಕ್ಕೂ ಹೊಟ್ಟೆ ಉರಿಯಿತು.

ಅಪ್ಪ ಕ್ಯಾಮೆರಾ ನನ್ನ ಕಡೆ ಸರಿಸಿದ. "ಹಾಕು."

ಎಷ್ಟು ಭಾರ ಇದೆ ಅದು… ಗೊತ್ತೇ ಇರಲಿಲ್ಲ. ಮೊದಲ ಸಲ ನನ್ನದೂ ಜಾರಿತು. "ತಗಿ. ಮತ್ತ ಹಾಕು." ಎರಡನೇ ಸಲ ಹಿಡಿಯಿತು. ಅಪ್ಪ ಶಾಬಾಸ್ ಅನ್ನಲಿಲ್ಲ.

"ನನಗ ಯಾಕ ಕಲಸಲಿಲ್ಲ ಅಪ್ಪಾ?"

"ಬಸವರಾಜನ್ನ ಕರದೆ, ಅವ ಬರಲಿಲ್ಲ. ಮಗಳನ್ನ ಕರೀಬೇಕಂತ ನನಗ ಹೊಳೀಲೇ ಇಲ್ಲ, ವಿಜಯಾ."

"ಈಗ ಸೊಸೀನ್ನ ಕರದಿ."

"ಕೈ ಹೋದಮ್ಯಾಲ ಬುದ್ಧಿ ಬಂತು. ಅಷ್ಟರಾಗ ನೀ ದೊಡ್ಡಾಕಿ ಆಗಿದ್ದಿ. ನಿನ್ನ ಕರಿಯಾಕ ನಾಚಿಕಿ ಬಂತು."

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕತ್ತರಿಸಿದ ಫಿಲ್ಮಿನ ಚೂರುಗಳನ್ನು ಆಯ್ದು ಕಸಕ್ಕೆ ಹಾಕಿದೆ.

೨೦ ಫೆಬ್ರವರಿ, ಭಾನುವಾರ

ಹೋದ ಭಾನುವಾರ ನಾನೇ ತೆಗೆದ ಫೋಟೋಗಳ ಪ್ರಿಂಟು ಬಂದವು. ಸಿಕಂದರಾಬಾದ್ ಪ್ಲಾಟ್‌ಫಾರ್ಮ್. ಕಾಕಾ, ಕಾಕು, ಟ್ರಂಕು. ಹಿಂದೆ ಮನೆಯಿಲ್ಲ, ರೈಲಿನ ಡಬ್ಬಿ. ಕಾಕು ನಗಲಿಲ್ಲ, ಆದರೆ ನೇರ ನನ್ನನ್ನೇ ನೋಡಿದ್ದಾರೆ. "ತಲಿ ಮ್ಯಾಲ ಜಾಗಾ ಭಾಳ ಬಿಟ್ಟಿ" ಎಂದ ಅಪ್ಪ. ಎರಡು ಸಲ ತಿರುಗಿಸಿ ನೋಡಿದ.

ಆಮೇಲೆ, "ಕೋಕಿಲಾಗ ನೀನ ಕಲಸು" ಎಂದ.

ಬೇಡ ಅನಿಸಿತು. ಎಂಟೇ ದಿನವಾಯಿತು ಕ್ಯಾಮೆರಾ ನನ್ನ ಕೈಗೆ ಬಂದು. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಅವಳೇ ಬಂದಳು. "ಸಿಟ್ಟು ಇನ್ನೂ ಐತ್ರಿ ನನಗ, ಅಕ್ಕಾರ. ಆದ್ರೂ ಕಲೀಬೇಕು."

"ನನಗೂ ಐತಿ. ಕುಂದರು ಹೋಗು, ಬಂದೆ."

ಅಂಗಳಕ್ಕೆ ಹೋಗಿ ಕೂತಿದ್ದಾಳೆ, ಕಿಟಕಿಯಿಂದ ಕಾಣುತ್ತಾಳೆ. ಹೊಸ ರೀಲಿನ ಡಬ್ಬಿ ತೆರೆಯುತ್ತಿದ್ದಾಳೆ. ಬಿಸಿಲಿನಲ್ಲಿ, ಹುಚ್ಚಿ. ಬೆಳಕು ಹೊಕ್ಕರೆ ರೀಲೇ ಹಾಳು. ಪೆನ್ನು ಇಟ್ಟೆ, ನೆರಳಿಗೆ ಸರಿ ಅಂತ ಹೇಳಿ ಬರುತ್ತೇನೆ.