ಗುರವ್ವನ ಹೂಂ

ಹೆಗ್ಗನಹಳ್ಳಿ, ಬೆಂಗಳೂರು
ಮಂಗಳವಾರ, 4-3-2008

ಪ್ರೀತಿಯ ಮೊಮ್ಮಗಳು ಉಮಾಶ್ರೀಗೆ ನಿನ್ನ ಮುತ್ಯಾ ಮಾಡುವ ಆಶೀರ್ವಾದ.

ಆರೋಗ್ಯ ಹೇಗಿದೆ? ದಿಲ್ಲಿಯ ಚಳಿ ಇಳಿಯಿತೇ? ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಪಾಳಿ ಮಾಡುತ್ತಾ ಊಟ ಬಿಡಬೇಡ. ನರ್ಸಮ್ಮನೇ ಮಲಗಿದರೆ ಅವಳಿಗೆ ಸೂಜಿ ಚುಚ್ಚುವವರು ಯಾರು? ನನ್ನ ಮೊಣಕಾಲು ಹೇಗಿತ್ತೋ ಹಾಗೇ ಇದೆ. ನಾಡಿದ್ದು ಶಿವರಾತ್ರಿ, ನಿನ್ನ ಅವ್ವ ಈಗಿನಿಂದಲೇ ಮನೆ ತೊಳೆಯುತ್ತಾ ನನ್ನನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಿದ್ದಾಳೆ. ಇಪ್ಪತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಇದೆಲ್ಲ ಶುರುವಾದದ್ದು ಹೋದ ತಿಂಗಳ ಎರಡನೇ ಸೋಮವಾರ. ಸುದ್ದಿಯನ್ನು ನನಗೆ ಮೊದಲು ಹೇಳಿದವನು ನಮ್ಮ ಬೀದಿಯ ಇಂಟರ್‌ನೆಟ್ ಅಂಗಡಿಯ ಮುನಿರಾಮಯ್ಯ. ಹಾಲಿಗೆ ಹೊರಟಿದ್ದ ನನ್ನನ್ನು ತಡೆದು, "ಯಜಮಾನ್ರೆ, ನಿಮ್ಮ ಕಟ್ಟೆ ಮುಚ್ತಾ ಇದಾರಂತೆ. ತಿಂಗಳ ಕೊನೆಗೆ ಎಲ್ಲಾ ಅಳಿಸಿಬಿಡ್ತಾರೆ. ಅವರವರ ಸಾಮಾನು ಅವರವರೇ ಇಳಿಸ್ಕೋಬೇಕು" ಅಂದ. ಕಟ್ಟೆ ಎಂದರೆ ನೀನು ನನ್ನ ಕಥೆಗಳನ್ನು ರೆಕಾರ್ಡ್ ಮಾಡಿ ಹಾಕಿದ್ದ ಆ ವೆಬ್‌ಸೈಟು. ನಮ್ಮ ಶಹಾಪುರದ ಕಡೆಯಿಂದ ಊರೂರಿಗೆ ಚದುರಿದ ಮೂವತ್ತೇಳು ಜನ ಅಲ್ಲಿ ಕೂಡಿದ್ದರು. ಯಾರದೋ ಪುಕ್ಕಟೆ ಜಾಗದಲ್ಲಿ ನಡೆಯುತ್ತಿತ್ತು. ಜಾಗದವರು ಬಾಗಿಲು ಹಾಕಿದರು.

ನೀನು ಫೋನಿನಲ್ಲಿ ಪಾಸ್‌ವರ್ಡ್ ಹೇಳಿದೆ. ಮುನಿರಾಮಯ್ಯ ಹನ್ನೊಂದೂ ಕಥೆಗಳನ್ನು ಡೌನ್‌ಲೋಡ್ ಮಾಡಿ ಸಿ.ಡಿ.ಗೆ ಹಾಕಿಕೊಟ್ಟ. ನಾನು ಅಲ್ಲೇ ಕುಳಿತು ನೆರಳು ಕಳೆದುಕೊಂಡ ಕುರುಬನ ಕಥೆ ಹಾಕಿಸಿದೆ. ದನಿ ನನ್ನದೇ, ಮಾತು ನನ್ನದೇ. ಆದರೆ ಕಥೆ ಹಿಂದೆ ಮುಂದೆ ನೋಡದೆ ಒಂದೇ ಉಸಿರಿಗೆ ಓಡುತ್ತಿತ್ತು. ನಾನು ಬದುಕಿನಲ್ಲಿ ಹಾಗೆ ಕಥೆ ಹೇಳಿದವನೇ ಅಲ್ಲ. ಹೇಳುವವನ ಎದುರಿಗೆ ಹೂಂ ಅನ್ನಲು ಒಬ್ಬರು ಕೂರಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಇದು ನಮ್ಮೂರಿನ ವಾಡಿಕೆ. ಐವತ್ತು ವರ್ಷ ನನ್ನ ಎದುರು ಕುಳಿತು ಹೂಂ ಅಂದವಳು ನಿನ್ನ ಆಯಿ ಗುರವ್ವ. ಅವಳು ಹೋದ ಮೇಲೆ ನಾನು ಒಂದೂ ಕಥೆ ಹೇಳಿಲ್ಲ. ಅವಳ ದನಿ ಉಳಿದದ್ದು ಆ ಹನ್ನೊಂದು ಕಥೆಗಳಲ್ಲಿ ಮಾತ್ರ ಎಂದು ನಂಬಿದ್ದೆ. ಅಲ್ಲೂ ಇರಲಿಲ್ಲ.

ನಿನಗೆ ಫೋನ್ ಮಾಡಿದಾಗ ನೀನು, "ಮುತ್ಯಾ, ಅದು ನಡುನಡುವೆ ಸದ್ದು ಅಂತ ತಿಳಿದು ನಾನೇ ತೆಗೆದು ಹಾಕಿದೆ. ಮೊದಲಿಂದು ಉಳಿಸಿಲ್ಲ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಮಗಳೇ, ಕತ್ತರಿಸಿದ ಮೇಲೆ ಉಳಿದ ಕಥೆಯನ್ನು ನೀನು ಅವತ್ತೇ ನನಗೆ ಕೇಳಿಸಿದ್ದೆ. ಬರೀ ನನ್ನ ದನಿ ಕೇಳಿ ನಾನೂ ಹಿಗ್ಗಿ, ಅವಳ ಹೂಂ ಇಲ್ಲದ್ದನ್ನು ಗಮನಿಸದೆ, ಚೆಂದಾಗ್ಯದ ಅಂದಿದ್ದೆ. ಪಕ್ಕದಲ್ಲೇ ರೊಟ್ಟಿ ತಟ್ಟುತ್ತಿದ್ದ ನಿನ್ನ ಆಯಿಯೂ ಬೇಡ ಅನ್ನಲಿಲ್ಲ. ತಪ್ಪು ನಿನ್ನೊಬ್ಬಳದಲ್ಲ.

ಮುನಿರಾಮಯ್ಯನಿಗೆ ನೆನಪಾಯಿತು: ಮೊದಲು ನೀನು ಹಾಕಿದ್ದು ಕತ್ತರಿಸದ ಕಥೆಗಳನ್ನೇ, ಆಮೇಲೆ ಬದಲಾಯಿಸಿದ್ದು. ಅವನು ನನ್ನ ಹೆಸರಿನಲ್ಲಿ ಕಟ್ಟೆಯ ಮೇಲೆ ಬರೆದ: ಮೊದಲ ದಿನಗಳಲ್ಲಿ ಯಾರಾದರೂ ಇಳಿಸಿಕೊಂಡಿದ್ದರೆ ಮರೆಪ್ಪನಿಗೆ ಅವನ ಹೆಂಡತಿಯ ಹೂಂ ಬೇಕಾಗಿದೆ. ದೊಡ್ಡ ಜಾತ್ರೆಯಂಥ ಜಾಗದಲ್ಲಿ ಇದನ್ನು ಕೂಗಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಮೂವತ್ತೇಳು ಜನರಲ್ಲಿ ಒಂಬತ್ತು ಮಂದಿ ಎರಡೇ ದಿನಕ್ಕೆ ಉತ್ತರ ಬರೆದರು. ಇಲ್ಲ ಎಂದು ಹೇಳಲಿಕ್ಕೂ ಬರೆದರು. ಸೊಲ್ಲಾಪುರದ ಟೀಚರ್ ಜಲಜಾ ಮಾತ್ರ ಹೀಗೆ ಬರೆದಳು: "ಅಜ್ಜಾರ, ನನ್ನ ಕಡೆ ಒಂಬತ್ತು ಕಥೀ ಅದಾವ್ರೀ. ನಮ್ಮತ್ತಿ ಕಥೀಗಿಂತ ಆ ಹೂಂ ಕೇಳಾಕ ಕುಂದರತಾಳ. ಹೊಸಾವು ಬಂದಾಗ, ಆ ಅವ್ವ ಎಲ್ಲಿ ಹೋದ್ಲು ಅಂತ ಊಟಾ ಬಿಟ್ಟಿದ್ಲು." ಕಟ್ಟೆ ಮುಚ್ಚುವ ಹಿಂದಿನ ದಿನ ಒಂಬತ್ತನ್ನೂ ಹಾಕಿದಳು. ನಮ್ಮವರು ಒಬ್ಬರಿಗೊಬ್ಬರು ಮೇಲ್ ವಿಳಾಸ ಬರೆದುಕೊಂಡು ಎದ್ದರು.

ಮೊನ್ನೆ ಭಾನುವಾರ ಮಧ್ಯಾಹ್ನ ಮುನಿರಾಮಯ್ಯ ಸ್ಪೀಕರ್ ಹಚ್ಚಿದ. ಜ್ಞಾನಭಾರತಿಯಲ್ಲಿ ಓದುವ ಇಬ್ಬರು ಹುಡುಗಿಯರು ಪರೀಕ್ಷೆಯ ಅರ್ಜಿ ತುಂಬಲು ಬಂದವರು ಅದನ್ನು ಬಿಟ್ಟು ಕುಳಿತರು. ಉಮಾ, ನಿನ್ನ ಆಯಿ ಒಂದೇ ಥರ ಹೂಂ ಅನ್ನುತ್ತಿರಲಿಲ್ಲ. ಕುರುಬನ ನೆರಳು ಹೋದಲ್ಲಿ ಸಣ್ಣಗೆ ಅಂದಳು. ನಾನು ದಾರಿ ತಪ್ಪಿ ಬೇರೆ ಕಥೆಯ ಕುದುರೆಯನ್ನು ಇದರೊಳಗೆ ನುಗ್ಗಿಸಿದಲ್ಲಿ "ಹೂಂ?" ಎಂದು ಎಳೆದಳು, ನಾನು ಮೆಲ್ಲಗೆ ಕುದುರೆಯನ್ನು ಹೊರಗೆ ಕಟ್ಟಿದೆ. ಒಂದು ಕಡೆ, "ತಡೀರಿ, ರೊಟ್ಟಿ ಹೊತ್ತತಾವ" ಎಂದು ಎದ್ದು ಹೋದಳು. ಅವಳು ಬರುವ ತನಕ ಬರೀ ರೊಟ್ಟಿಯ ಹಂಚಿನ ಸದ್ದು. ಅಂಗಡಿಯಲ್ಲಿ ನಾವೂ ಹಾಗೇ ಕಾದೆವು. ಅವಳು ಬಂದು, "ಹೂಂ, ಹೇಳ್ರಿ" ಅಂದಳು. ಮುನಿರಾಮಯ್ಯ ಮುಖ ತಿರುಗಿಸಿ, ಕೆಟ್ಟೇ ಇರದ ಮೌಸನ್ನು ಒರೆಸತೊಡಗಿದ.

ಮರುದಿನ ಬೆಳಿಗ್ಗೆ ಆ ಹುಡುಗಿಯರು ಅಂಗಡಿಯ ಷಟರ್ ಏಳುವ ಮೊದಲೇ ನಿಂತಿದ್ದರು. ಒಬ್ಬಳು, ಎಲ್ಲೋ ಏರಿಸಿ ಮರೆತಿದ್ದ ತನ್ನ ಅಜ್ಜನ ಫೋಟೋಗಳನ್ನು ಇಳಿಸಿಕೊಂಡಳು. ಇನ್ನೊಬ್ಬಳು ಹೊರಗೆ ನಿಂತು ಊರಿಗೆ ಫೋನ್ ಮಾಡಿ, "ಸುಮ್ನೆ ಏನಾದ್ರೂ ಮಾತಾಡಮ್ಮ, ರೆಕಾರ್ಡ್ ಮಾಡ್ಕೋತೀನಿ" ಎನ್ನುತ್ತಿದ್ದಳು. ಮುನಿರಾಮಯ್ಯ ಮನೆಯ ಅಟ್ಟದಿಂದ ತಂದ ಹಳೆಯ ಕ್ಯಾಸೆಟ್ಟನ್ನು ಅಂಗಿಯಿಂದ ಉಜ್ಜುತ್ತಿದ್ದ. ಅದರಲ್ಲಿ ಅವನ ತಾಯಿ ಯಾರನ್ನೋ ಬೈದದ್ದಿದೆಯಂತೆ.

ನೂರು ವರ್ಷ ಬಾಳು ಮಗಳೇ. ಅವ್ವ ಅಪ್ಪನ ಆಶೀರ್ವಾದಗಳು. ನಿನ್ನ ಹಾಸ್ಟೆಲಿನ ಗೆಳತಿಯರಿಗೂ ನನ್ನ ನೆನಪು ಹೇಳು.

ಇಂತಿ ನಿನ್ನ ಮುತ್ಯಾ
ಮರೆಪ್ಪ

ತಾ.ಕ.: ಹನ್ನೆರಡನೆಯ ಕಥೆ ನಿನಗೆ ನೆನಪಿರಬಹುದು. ಅರ್ಧ ಹೇಳಿದ್ದೆ, ಆಯಿಯನ್ನು ಆಸ್ಪತ್ರೆಗೆ ಸೇರಿಸಿದರು, ಅಲ್ಲಿಗೇ ನಿಂತಿತು. ಹದಿನಾರನೇ ತಾರೀಖು ಭಾನುವಾರ ನಾಲ್ಕು ಗಂಟೆಗೆ ಮುನಿರಾಮಯ್ಯನ ಅಂಗಡಿಗೆ ಫೋನ್ ಮಾಡು. ಉಳಿದರ್ಧ ಹೇಳಬೇಕೆಂದಿದ್ದೇನೆ. ನೀನು ಏನೂ ಮಾತಾಡಬೇಕಾಗಿಲ್ಲ, ಹೂಂ ಅಂದರೆ ಸಾಕು. ಅವನು ಎರಡೂ ದನಿ ಹಿಡಿದಿಡುತ್ತಾನೆ. ಈ ಸಲ ಏನನ್ನೂ ತೆಗೆಯಬೇಡ.