ಆ ಭಾನುವಾರ ನಮ್ಮ ಬಾಲ್ಕನಿಯಲ್ಲಿ ಕೆಂಪು ಹೊದಿಕೆ ಇರಲಿಲ್ಲ

ಹಳೆಯ ಕಾರುಗಳ ಓಟದ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಜೂನ್ ತಿಂಗಳ ಓಟದಲ್ಲಿ ಅದೆರಿತೊನ ಕಾರು ಸೇತುವೆ ತಿರುವಿನ ಗೋಡೆಗೆ ಬಡಿಯಿತು. ಅದಕ್ಕೆ ಕಾರಣ "ಚಾಲಕನ ವಯೋಸಹಜ ದೃಷ್ಟಿದೋಷ" ಎಂದು ನಿಮ್ಮ ಸಮಿತಿಯ ವರದಿ ಹೇಳುತ್ತದೆ. ಅದು ತಪ್ಪು. ಅವನ ಕಣ್ಣಿಗೆ ಏನೂ ಆಗಿಲ್ಲ. ಅವನು ಹುಡುಕಿದ ವಸ್ತು ಅಲ್ಲಿರಲಿಲ್ಲ, ಅಷ್ಟೆ. ಅದನ್ನು ಅಲ್ಲಿಂದ ತೆಗೆದವಳು ನಾನು. ಈ ಮಾತನ್ನು ನಿಮ್ಮ ಕಚೇರಿಗೆ ಮೂರು ಸಲ ಬಂದು ಹೇಳಿದ್ದೇನೆ, ಎರಡು ಸಲ ಬರೆದುಕೊಟ್ಟಿದ್ದೇನೆ. ಯಾರೂ ಓದಿಲ್ಲ. ಊರಿನ ವಾರಪತ್ರಿಕೆಯನ್ನು ನೀವು ಓದುತ್ತೀರಿ ಎಂದು ಕೇಳಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ನೋಟುಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಬಿಟ್ಟರೆ ಬೇರೆ ಬರವಣಿಗೆ ತಿಳಿಯದು. ಆದ್ದರಿಂದ ಇಲ್ಲಿರುವ ತಾರೀಖುಗಳು ಸರಿಯಾಗಿವೆ, ಮಿಕ್ಕದ್ದನ್ನು ಮನ್ನಿಸಬೇಕು.

ನೀವು ಈ ಹುದ್ದೆಗೆ ಬಂದು ಎರಡು ವರ್ಷವಾಯಿತು. ನಮ್ಮ ಮನೆಯ ಬಾಲ್ಕನಿಗೆ ಕೆಂಪು ಹೊದಿಕೆ ಬಂದು ಅರವತ್ತು ದಾಟಿದೆ. ಸಂತ ಅಂತೋನಿಯ ಮೆರವಣಿಗೆಗೆ ಬೀದಿಯ ಎಲ್ಲ ಮನೆಯವರೂ ಮಂಚದ ಒಳ್ಳೆಯ ಮೇಲುಹೊದಿಕೆಗಳನ್ನು ಬಾಲ್ಕನಿಯಲ್ಲಿ ಇಳಿಬಿಡುತ್ತಾರಲ್ಲ, ನನ್ನ ಅತ್ತೆ ಅದನ್ನು ಓಟ ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ. ಗಿರಣಿಯಿಂದ ಇಳಿಜಾರಿನಲ್ಲಿ ಬರುವ ಚಾಲಕನಿಗೆ ಸೇತುವೆಯ ತಿರುವು ಕಾಣುವುದಿಲ್ಲ, ನಮ್ಮ ಬಾಲ್ಕನಿ ಕಾಣುತ್ತದೆ. ಕೆಂಪು ಕಂಡ ತಕ್ಷಣ ಬ್ರೇಕ್ ಒತ್ತಿದರೆ ಕಾರು ಗೋಡೆಗೆ ತಾಗದೆ ತಿರುಗುತ್ತದೆ ಎಂದು ಯಾರೋ ಒಬ್ಬರು ಕಂಡುಕೊಂಡರು. ಅಪ್ಪ ಮಗನಿಗೆ ಹೇಳಿದ. ನನ್ನ ಗಂಡ ರಮೀರೊ ಪ್ರತಿ ವರ್ಷ ಬಾಲ್ಕನಿ ಕಂಬಿಯ ಎಡತುದಿಯಿಂದ ಮೂರನೆಯ ಕಬ್ಬಿಣದ ಬಳೆಗೆ ಸರಿಯಾಗಿ ಹೊದಿಕೆಯ ಅಂಚು ಕಟ್ಟುತ್ತಿದ್ದ. ಒಂದು ಗೇಣು ಆಚೀಚೆಯಾದರೂ ಮರುದಿನ ಚಾಲಕರು ಬಂದು ಬಯ್ಯುತ್ತಿದ್ದರು.

"ಏನ್ ರಮೀರೊ, ಈ ಸಲ ಹೆಂಡತಿ ಕಟ್ಟಿದ್ಲಾ? ಗೋಡೆಗೆ ಮುತ್ತು ಕೊಟ್ಟು ಬಂದೆ ಕಣಯ್ಯಾ!"

ಹೀಗೆ ಕೂಗುತ್ತಿದ್ದವರಲ್ಲಿ ಅದೆರಿತೊ ಮೊದಲನೆಯವನು. ಅವನು ಜ್ಞಾನಸ್ನಾನದಲ್ಲಿ ನನ್ನ ಮಗಳಿಗೆ ಧರ್ಮತಂದೆಯಾದವನು, ಆ ನಂಟಿನಿಂದಲೇ ನನ್ನನ್ನು ಕೊಮಾದ್ರೆ ಎನ್ನುತ್ತಾನೆ, ನಲವತ್ತು ವರ್ಷದಿಂದ ಗ್ಯಾರೇಜು ಇಟ್ಟವನು. ಅವನ ಹಸಿರು ಕಾರು ನನಗಿಂತ ಒಂದು ವರ್ಷ ಹಿರಿಯದು.

ರಮೀರೊ ಕಳೆದ ನವೆಂಬರ್ ಹತ್ತೊಂಬತ್ತರಂದು ತೀರಿಕೊಂಡ. ಸಾವಾದ ಮನೆಯವರು ಒಂದು ವರ್ಷ ಬಾಲ್ಕನಿಯಲ್ಲಿ ಹೊದಿಕೆ ಹಾಕಬಾರದು. ಇದು ಊರಿಗೆಲ್ಲ ಗೊತ್ತು. ಚಾಲಕರು ನಮ್ಮ ಹೊದಿಕೆ ನೋಡಿ ಬ್ರೇಕ್ ಒತ್ತುತ್ತಾರೆ ಎಂಬುದೂ ಊರಿಗೆಲ್ಲ ಗೊತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದವರು ಒಬ್ಬರೂ ಇಲ್ಲ. ನಾನೂ ಇಲ್ಲ.

ಶನಿವಾರ ಬೆಳಿಗ್ಗೆ, ಅಭ್ಯಾಸದ ಸುತ್ತುಗಳ ದಿನ, ತುಂತುರು ಮಳೆಯಿತ್ತು. ಇಂಜಿನ್ನುಗಳ ಸದ್ದು ಕೇಳಿದ್ದೇ ನನ್ನ ಕೈಗಳು ತಾವಾಗಿ ಪೆಟ್ಟಿಗೆ ತೆರೆದವು. ಮೂರನೆಯ ಬಳೆಗೆ ಹೊದಿಕೆ ಕಟ್ಟಿದೆ. ಅದೆರಿತೊ ಕೆಳಗೆ ಹಾದುಹೋಗುವಾಗ ಒಂದು ಕೈ ಎತ್ತಿದ. ಕಟ್ಟಿದ್ದು ತಪ್ಪೆಂದು ಆಗ ಹೊಳೆಯಲೇ ಇಲ್ಲ.

ಸಂಜೆ ರಮೀರೊನ ಅಕ್ಕ ಫೆಲಿಜ್ಮಿನಾ ಒಂದು ಬುಟ್ಟಿ ಚೆರ್ರಿ ಹಣ್ಣು ಹಿಡಿದು ಬಂದಳು. ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದಳು.

"ಲಿಂದಾ, ಏನಿದು? ನನ್ನ ತಮ್ಮ ಹೋಗಿ ಏಳು ತಿಂಗಳಾಗಿಲ್ಲ, ಮನೆಗೆ ಮದುವೆ ಕಳೆ ಬಂದುಬಿಟ್ಟಿದೆಯಲ್ಲ!"

"ಓಟ ಅಲ್ವಾ ಫೆಲಿಜ್ಮಿನಾ. ಮರೆತು ಹಾಕಿಬಿಟ್ಟೆ."

"ಕಪ್ಪು ಉಟ್ಕೊಳ್ಳೋದು ಮಾತ್ರ ಮರೆತಿಲ್ಲ, ಸದ್ಯ. ಬೀದಿಯವರು ನಗ್ತಿದಾರೆ. ತೆಗಿ ಅದನ್ನ."

ನಾಚಿಕೆಯಾಯಿತು. ತೆಗೆದು ಮಡಚಿ ಪೆಟ್ಟಿಗೆಗೆ ಹಾಕಿದೆ. ಅವತ್ತಿನ ಪುಟದಲ್ಲಿ ಹೀಗೆ ಬರೆದಿದೆ: "ಹೊದಿಕೆ ಹಾಕಿ ತಪ್ಪು ಮಾಡಿದೆ. ತೆಗೆದೆ. ರಮೀರೊ ಕ್ಷಮಿಸಲಿ." ತಪ್ಪು ಯಾವುದು ಎಂದು ಬರೆದ ಕೈಗೇ ತಿಳಿದಿರಲಿಲ್ಲ.

ಭಾನುವಾರ ಬಿಸಿಲು ಸುಡುತ್ತಿತ್ತು. ಶೋಕದ ಮನೆಯವಳು ಬಾಲ್ಕನಿಗೆ ಬರುವಂತಿಲ್ಲ, ಕಿಟಕಿಯ ಹಲಗೆಗಳ ಸಂದಿಯಿಂದ ನೋಡುತ್ತಿದ್ದೆ. ಗೋಡೆಗಳ ಮೇಲೆ ಜನ, ಬ್ರೆಡ್ಡಿನೊಳಗೆ ಹಂದಿಮಾಂಸ ಇಟ್ಟು ಕೊಡುವವನ ಕೂಗು, ಸುಟ್ಟ ಎಣ್ಣೆಯ ವಾಸನೆ. ಆ ವಾಸನೆ ರಮೀರೊಗೆ ಧೂಪದಂತೆ. ಇಳಿಜಾರಿನಿಂದ ಮೊದಲ ಕಾರು ಬರುವ ಸದ್ದು ಕೇಳಿತು. ಯಾರದೆಂದು ನೋಡದೆಯೇ ಗೊತ್ತಾಯಿತು. ನಲವತ್ತು ವರ್ಷ ಒಂದೇ ಜಾಗದಲ್ಲಿ ಕುಳಿತು ಕೇಳಿದವಳಿಗೆ ಆ ಇಂಜಿನ್ನು ಎಲ್ಲಿ ಗೇರು ಇಳಿಸಿ ಗುಟುರು ಹಾಕುತ್ತದೆ ಎಂಬುದು ಉಸಿರಿನಷ್ಟೇ ಪರಿಚಿತ. ಆ ಗುಟುರು ಬರಬೇಕಾದ ಕ್ಷಣ ಬಂತು. ಗುಟುರು ಬರಲಿಲ್ಲ. ಆಗ ನನಗೆ ಪೆಟ್ಟಿಗೆ ನೆನಪಾಯಿತು. ಎದ್ದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಿಂದಿದ್ದ ಹದಿನೇಳು ಕಾರುಗಳಿಗೆ ನನ್ನ ಹೊದಿಕೆ ಬೇಕಿರಲಿಲ್ಲ, ಮುಂದಿನವನನ್ನು ನೋಡಿ ನಿಂತವು. ಅದೆರಿತೊನ ಮುಂದೆ ಯಾರೂ ಇರಲಿಲ್ಲ. ನಮ್ಮ ಊರಿನವನು ಮೊದಲಿಗನಾಗಿದ್ದ, ಮಾನ್ಯರೇ. ವರದಿಯಲ್ಲಿ ಇದನ್ನೂ ಬರೆದಿಲ್ಲ.

ಅವನನ್ನು ಕಾರಿನಿಂದ ಎಳೆಯುವಾಗ "ಕೆಂಪು ಕಾಣಲಿಲ್ಲ, ಕೆಂಪು ಕಾಣಲಿಲ್ಲ" ಅನ್ನುತ್ತಿದ್ದನಂತೆ. ನಿಮ್ಮ ತನಿಖಾಧಿಕಾರಿಗಳು ಅದನ್ನು ಚೆನ್ನಾಗಿ ಬರೆದುಕೊಂಡಿದ್ದಾರೆ: "ತನಗೆ ಕಾಣಲಿಲ್ಲವೆಂದು ಚಾಲಕನೇ ಒಪ್ಪಿಕೊಂಡಿರುತ್ತಾನೆ." ಏನು ಕಾಣಲಿಲ್ಲ ಎಂದು ಕೇಳುವಷ್ಟು ಬಿಡುವು ಅವರಿಗೆ ಇರಲಿಲ್ಲವೇ? ತಿರುವು ಎಷ್ಟು ದೂರವೆಂದು ಸೂಚಿಸುವ ಫಲಕಗಳು ಸ್ಪಷ್ಟವಾಗಿ ಕಾಣುತ್ತಿದ್ದವೆಂದೂ ಬರೆದಿದ್ದಾರೆ. ಎತ್ತರದ ಜೀಪಿನಲ್ಲಿ ಕುಳಿತವರಿಗೆ ಖಂಡಿತ ಕಂಡಿರುತ್ತವೆ. ನೆಲಕ್ಕೆ ಅಂಟಿ ಕೂರುವ ಹಳೆಯ ಕಾರಿನವನಿಗೆ ಕಾಣುವುದು ಫಲಕದ ಮುಂದೆ ನೀವು ಈ ವರ್ಷ ಮೂರು ಸಾಲು ಎತ್ತರಕ್ಕೆ ಪೇರಿಸಿದ ಹುಲ್ಲಿನ ಪೆಂಡಿಗಳು. ಅವು ಸುರಕ್ಷತೆಗಾಗಿ ಎಂದು ಕೇಳಿದೆ. ತುಂಬ ಸಂತೋಷ.

ಕಾಲು ಮುರಿದು, ಆ ದಿನದ ನೆನಪೆಲ್ಲ ಅಳಿಸಿಹೋಗಿ ಅವನು ಆಸ್ಪತ್ರೆಯಲ್ಲಿದ್ದಾಗ ಹೋಗಿ ಎಲ್ಲ ಹೇಳಿದೆ. ಅವನು ನಕ್ಕ. ಆ ನಗು ನನಗೆ ಬೇಡವಾಗಿತ್ತು.

"ಕೊಮಾದ್ರೆ, ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ. ಇಲ್ನೋಡು," ಎಂದು ದಿಂಬಿನ ಕೆಳಗಿಂದ ನಿಮ್ಮ ವರದಿ ತೆಗೆದ. ಕೊನೆಯ ಪುಟದಲ್ಲಿ ಒಂದು ಚಿತ್ರ. ಕೆಳಗೆ "ಓಟದ ದಿನದ ಸ್ಥಳಚಿತ್ರ" ಎಂದು ಅಚ್ಚಾಗಿದೆ. ನಮ್ಮ ಬಾಲ್ಕನಿ, ಮೂರನೆಯ ಬಳೆ, ಕೆಂಪು ಹೊದಿಕೆ.

"ಇಗೋ, ನೇತಾಡ್ತಿದೆ. ಇಷ್ಟು ದೊಡ್ಡದು ನನಗೆ ಕಂಡಿಲ್ಲ. ಮುದುಕ ಆದೆ, ಮುಗೀತು."

"ಅದು ಶನಿವಾರ ತೆಗೆದದ್ದು ಕಣೋ! ರಸ್ತೆ ಒದ್ದೆ ಇದೆ, ನೋಡು!"

"ಒದ್ದೆ ಇದೆಯೋ ಒಣಗಿದೆಯೋ, ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ ಈಗ. ಮೊಹರು ಹಾಕಿದಾರೆ, ಕೊಮಾದ್ರೆ. ನಿನ್ನ ನೋಟುಪುಸ್ತಕಕ್ಕೆ ಮೊಹರು ಇದೆಯಾ?"

ಇಲ್ಲ, ಮಾನ್ಯರೇ. ನನ್ನ ನೋಟುಪುಸ್ತಕಕ್ಕೆ ಮೊಹರಿಲ್ಲ. ಅವತ್ತು ಬೀದಿಯಲ್ಲಿದ್ದ ಸಾವಿರಾರು ಜನರೆಲ್ಲ ರಸ್ತೆ ನೋಡುತ್ತಿದ್ದರು, ಬಾಲ್ಕನಿ ನೋಡುವವನು ಚಾಲಕ ಮಾತ್ರ. ಫೆಲಿಜ್ಮಿನಾಳನ್ನು ಸಾಕ್ಷಿಗೆ ಕರೆದೆ. "ನಾನು ಸತ್ತವನ ಮರ್ಯಾದೆ ಬಗ್ಗೆ ಹೇಳಿದ್ದು, ಕಾರಿನ ಬಗ್ಗೆ ಅಲ್ಲ" ಎಂದು ಬಾಗಿಲು ಹಾಕಿಕೊಂಡಳು. ಅವಳಿಗೂ ಹೆದರಿಕೆ. ಇನ್ನು ನಿಮ್ಮ ಗುಮಾಸ್ತರು ಸಜ್ಜನರು, ನನಗೆ ಕುರ್ಚಿ ಕೊಟ್ಟರು.

"ದೊನಾ ದೆಯೊಲಿಂದಾ, ಆ ಹೊದಿಕೆ ಸಮಿತಿಯ ಸಾಮಾನಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅವತ್ತು ಇರಲಿಲ್ಲ ಅಂತ ನಾನು ಹೇಗೆ ಬರ್ಕೊಳ್ಳಲಿ?"

"ಮತ್ತೆ ನಿಮ್ಮ ಚಿತ್ರದಲ್ಲಿ ಇದೆಯಲ್ಲ?"

"ಚಿತ್ರದಲ್ಲಿ ಒಂದು ಬೆಕ್ಕೂ ಇದೆ. ಅದನ್ನೂ ತನಿಖೆ ಮಾಡೋಣ್ವಾ?"

ಆಗಸ್ಟಿನಲ್ಲಿ ಕಣ್ಣಿನ ವೈದ್ಯರು ಅವನ ದೃಷ್ಟಿ ಸರಿಯಾಗಿದೆ ಎಂದು ಚೀಟಿ ಕೊಟ್ಟರು. ಅದು ಆಗಸ್ಟಿನ ಕಣ್ಣಿಗೆ ಸಂಬಂಧಿಸಿದ್ದು, ಅಪಘಾತ ಜೂನಿನದು ಎಂದು ನಿಮ್ಮ ಕಚೇರಿ ವಾಪಸು ಕಳಿಸಿತು. ಜೂನಿನಲ್ಲಿ ಕುರುಡಾಗಿ ಆಗಸ್ಟಿನಲ್ಲಿ ಕಣ್ಣು ಬಂದವರು ಬೈಬಲ್ಲಿನಲ್ಲಿ ಇರಬಹುದು, ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

ಅವನ ಓಟದ ಲೈಸೆನ್ಸು ಮರಳಿ ಸಿಗಲೆಂದು ನಾನು ಇಷ್ಟು ಬರೆಯುತ್ತಿಲ್ಲ. ಅವನು ಇನ್ನು ಓಡಿಸದಿದ್ದರೂ ಸರಿ. ಆದರೆ ಅವನು ಗ್ಯಾರೇಜು ಮುಚ್ಚಿದ್ದಾನೆ. ಕಾರು ತಂದವರಿಗೆ "ಕಣ್ಣಿಲ್ಲದವನು ಬ್ರೇಕ್ ಮುಟ್ಟಬಾರದು" ಎಂದು ಹೇಳಿ ಕಳಿಸುತ್ತಾನೆ. ಪತ್ರಿಕೆ ಬಿಟ್ಟಿದ್ದಾನೆ, ಆದ್ದರಿಂದ ಈ ಪತ್ರವನ್ನೂ ಓದಲಾರ. ಬೆಳಿಗ್ಗೆ ರೊಟ್ಟಿ ತರಲು ಹೋಗುವಾಗ ಒಂದು ಕೈಯಿಂದ ಗೋಡೆ ತಡವಿಕೊಂಡು ನಡೆಯುತ್ತಾನೆ. ಕಾಲಿನ ದೆಸೆಯಿಂದ ಅಲ್ಲ, ಕಾಲು ಕೂಡಿದೆ. ನಾನು ಕಿಟಕಿಯಿಂದ "ಅದೆರಿತೊ" ಎಂದು ಕರೆದರೆ ತಲೆಯೆತ್ತಿ ನೇರ ನನ್ನ ಮುಖಕ್ಕೇ ಕೈ ಬೀಸುತ್ತಾನೆ. "ಏನ್ ಕೊಮಾದ್ರೆ, ಬಿಳಿಚಿಕೊಂಡಿದೀಯ, ಊಟ ಮಾಡ್ತೀಯೋ ಇಲ್ವೋ?" ಎಂದು ಕೇಳುತ್ತಾನೆ. ಮೂರನೇ ಮಹಡಿಯಲ್ಲಿರುವವಳ ಮುಖದ ಬಣ್ಣ ಗುರುತಿಸಿದವನು ಮತ್ತೆ ಗೋಡೆ ಹಿಡಿಯುತ್ತಾನೆ. ನಾನು ಕಿಟಕಿ ಮುಚ್ಚುತ್ತೇನೆ. ಬೇರೇನು ಮಾಡಲಿ? ನೀವೇ ಹೇಳಿ.

ನನ್ನ ಬೇಡಿಕೆ ಚಿಕ್ಕದು. ಆ ಚಿತ್ರದ ಕೆಳಗೆ "ಶನಿವಾರ" ಎಂದು ತಿದ್ದಿ, ನಿಮ್ಮ ಮೊಹರಿನಡಿ ಒಂದು ಸಾಲು ಬರೆದು ಅವನ ಮನೆಗೆ ಕಳಿಸಿ. ಹುಲ್ಲಿನ ಪೆಂಡಿಗಳ ಸುದ್ದಿ ಎತ್ತಲು ನಿಮಗೆ ಮುಜುಗರವಾದರೆ ಬೇಡ, ತಪ್ಪೆಲ್ಲ ನನ್ನದೆಂದೇ ಬರೆಯಿರಿ. ನನ್ನ ಪೂರ್ತಿ ಹೆಸರು ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿದರೂ ಬೇಸರವಿಲ್ಲ. ಚಳಿಗಾಲದ ಮಂಜು ಇಳಿಯುವ ಮೊದಲು ಕಳಿಸಿದರೆ ಉಪಕಾರ. ಮಂಜಿನಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಅವನು ಅದನ್ನೂ ತನ್ನ ಕಣ್ಣಿನ ಲೆಕ್ಕಕ್ಕೇ ಹಾಕಿಕೊಳ್ಳುತ್ತಾನೆ.

ಇಂತಿ,
ತಪ್ಪೊಪ್ಪಿಕೊಂಡರೂ ತಪ್ಪಿತಸ್ಥಳೆಂದು ಯಾರೂ ಒಪ್ಪದ,
ದೆಯೊಲಿಂದಾ, ರಮೀರೊನ ವಿಧವೆ
ಸೇತುವೆ ತಿರುವು, ಮೂರನೇ ಮಹಡಿ