ಪ್ಲಾಸ್ಟಿಕ್ ಸವತಿ

ಭಾನುವಾರ,
ಬೆಳಗಿನ ಕಾಫಿ ಒಬ್ಬಳೇ ಕುಡಿದಾದ ಮೇಲೆ

ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಮುನಿಸಿನ ಗದ್ದುಗೆ ಏರಿ ಕೂತಿರುವ ನನ್ನ ಯಜಮಾನರ ಸನ್ನಿಧಾನಕ್ಕೆ, ನಿಮ್ಮ ಹೆಂಡತಿ ಮತ್ತು ನಿಮ್ಮ ಕಾರ್ಖಾನೆಯ ಏಕೈಕ ಬಣ್ಣದವಳು ತಲೆಬಾಗಿ (ಕುತ್ತಿಗೆ ನೋವಿರುವುದರಿಂದ ಸ್ವಲ್ಪವೇ ಬಾಗಿ) ಬರೆಯುವ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನು.

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬು ಗಂಟು ಹಾಕಬೇಡಿ. ಫೋನ್ ಮಾಡಿದರೆ ನಿಮ್ಮ ಅಕ್ಕ ಎತ್ತುತ್ತಾರೆ. ಅವನು ಮಲಗಿದ್ದಾನಮ್ಮ ಅನ್ನುತ್ತಾರೆ. ಹಿಂದಿನಿಂದ, ಮಲಗಿದ್ದೀನಿ ಅಂತ ಹೇಳು, ಮಲಗಿದ್ದೀನಿ ಅಂತ ಹೇಳು, ಅಂತ ನಿಮ್ಮ ದನಿಯೇ ಕೇಳಿಸುತ್ತದೆ. ನಿದ್ದೆಯಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಗಂಡಸಿಗೆ ಓದುವುದೂ ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಹೋದ ಭಾನುವಾರದ ವಿಷಯ. ನೀವು ಸಿಟ್ಟಿನಲ್ಲಿದ್ದಿರಿ, ನಿಮಗೆ ನೆಟ್ಟಗೆ ಕಂಡಿರಲಿಕ್ಕಿಲ್ಲ. ನಾನು ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದೆ, ನನಗೆ ಎಲ್ಲಾ ಕಂಡಿತು.

ದೊಡ್ಡ ಅಂಗಡಿಯಲ್ಲಿ ಆ ಪ್ಲಾಸ್ಟಿಕ್ ರೈಲುಗಳು ಬಂದಾಗಿನಿಂದ ನಾವು ಕೈಯಲ್ಲಿ ಮಾಡುವ ಪುಟ್ಟ ಹಿತ್ತಾಳೆ ಇಂಜಿನ್ನುಗಳನ್ನು ಕೇಳುವವರು ಕಡಿಮೆಯಾದರು. ನೀವು ತಿಂಗಳುಗಟ್ಟಲೆ ಕೂತು ಕೊರೆದು, ಉಜ್ಜಿ, ಬೆಸೆದು, ನಾನು ಉಸಿರು ಬಿಗಿಹಿಡಿದು ಬಣ್ಣದ ಗೆರೆ ಎಳೆದು ಮುಗಿಸುವ ಒಂದು ಇಂಜಿನ್ನಿನ ಹೊಗೆಕೊಳವೆಯ ಬೆಲೆಗೆ ಅವರು ಇಂಜಿನ್ನು, ಬೋಗಿ, ಹಳಿ, ಸ್ಟೇಷನ್ನು, ಸ್ಟೇಷನ್ನಿನಲ್ಲಿ ನಿಂತ ಪ್ರಯಾಣಿಕರು ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ನಿಮಗೆ ರೋಷ ಬಂತು. ಹಳೇ ಗಿರಾಕಿಗಳನ್ನೆಲ್ಲ ಮನೆಗೆ ಕರೆದು, ಒಂದೇ ಹಳಿಯ ಮೇಲೆ ಮೊದಲು ನಮ್ಮದನ್ನು, ಆಮೇಲೆ ಅವರದನ್ನು ಓಡಿಸಿ, ಯಾವುದು ಇಂಜಿನ್ನು ಯಾವುದು ಆಟಿಕೆ ಅಂತ ತೋರಿಸ್ತೀನಿ ಅಂದಿರಿ. ಅದಕ್ಕೆಂದೇ ಅವರದೊಂದು ಇಂಜಿನ್ನು ತಂದು ಬೆಂಚಿನ ಮೇಲಿಟ್ಟುಕೊಂಡಿರಿ. ನಾನು ಅದಕ್ಕೆ ಪ್ಲಾಸ್ಟಿಕ್ ಸವತಿ ಅಂತ ಹೆಸರಿಟ್ಟೆ. ಯಾಕೆಂದರೆ ಆ ವಾರವಿಡೀ ನೀವು ಊಟಕ್ಕೆ ಕರೆದರೂ ಅವಳ ಪಕ್ಕದಿಂದ ಏಳಲಿಲ್ಲ. ಏನ್ರೀ ಮಾಡ್ತಿದ್ದೀರಿ ಅಂದರೆ, ಶತ್ರುವನ್ನ ಅಧ್ಯಯನ ಮಾಡ್ತಿದ್ದೀನಿ ಅಂದಿರಿ.

ಆಮೇಲೆ ಆದದ್ದು ಊರಿಗೇ ಗೊತ್ತು. ನಮ್ಮ ಹೊಸ ಹಸಿರು ಇಂಜಿನ್ನು ಗಂಭೀರವಾಗಿ ಹೊರಟು, ತಿರುವಿನಲ್ಲಿ ಏನೋ ಮರೆತವರ ಹಾಗೆ ನಿಂತುಬಿಟ್ಟಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆ ಸವತಿ ಸದ್ದಿಲ್ಲದೆ, ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ, ಸುತ್ತು ಹಾಕುತ್ತಲೇ ಇದ್ದಳು. ನಮ್ಮ ಹಲ್ಲಿನ ಡಾಕ್ಟರು, ಮನೆಯ ಗಾಜಿನ ಬೀರು ತುಂಬ ನಮ್ಮ ಇಂಜಿನ್ನುಗಳನ್ನೇ ತುಂಬಿಕೊಂಡವರು, ಚಪ್ಪಾಳೆ ತಟ್ಟಿ, ಯಜಮಾನರೇ, ನಿಮ್ಮದು ನೋಡೋಕೆ, ಇದು ಓಡೋಕೆ, ಎಲ್ಲಿ ಸಿಗುತ್ತೆ ಇದು, ಅಂದೇಬಿಟ್ಟರು. ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. ಗಿರಾಕಿಗಳು ಮೆಟ್ಟಿಲು ಇಳಿಯುವ ಮೊದಲೇ ಗುಜರಿಯವನಿಗೆ ಫೋನ್ ಮಾಡಿ, ನಾನು ಸೋತೆ, ನನ್ನ ಕಾಲ ಮುಗೀತು, ಹಿತ್ತಾಳೆ ಕಡೆಯುವ ಲೇತ್ ಯಂತ್ರ ತಗೊಂಡು ಹೋಗು ಅಂದಿರಿ. ಚೀಲ ಹಿಡಿದು ಅಕ್ಕನ ಮನೆಗೆ ನಡೆದಿರಿ. ಚೀಲದಲ್ಲಿ ಒಂದು ಅಂಗಿ, ಲೋಹ ಉಜ್ಜುವ ಎರಡು ಅರ. ಕೋಪದಲ್ಲೂ ಅರ ಬಿಡಲಿಲ್ಲ ನೀವು. ಟವೆಲ್ ಬಿಟ್ಟಿರಿ.

ನಾನು ಎರಡು ದಿನ ಅತ್ತೆ. ಮೂರನೇ ದಿನ ಬೇಜಾರಾಯಿತು. ನನ್ನ ಗಂಡನನ್ನು ಸೋಲಿಸಿದವಳ ಮನೆತನ ಎಂಥದ್ದು ಅಂತ ನೋಡಿಕೊಂಡು ಬರೋಣ ಅಂತ, ಯಾರಾದರೂ ಗುರುತಿನವರು ಕಂಡಾರು ಅಂತ ಕಳ್ಳಿಯ ಹಾಗೆ ಮುಖ ತಗ್ಗಿಸಿಕೊಂಡು, ಆ ದೊಡ್ಡ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ ಬಹಳ ಒಳ್ಳೆಯವಳು. ಮಗುಗೆ ಎಷ್ಟು ವಯಸ್ಸು ಆಂಟಿ ಅಂದಳು. ಅರವತ್ತು ದಾಟಿದೆಯಮ್ಮ, ಹಟ ಜಾಸ್ತಿ ಅಂದೆ. ಅದೇ ಬಣ್ಣ, ಅದೇ ಅಚ್ಚು, ಸವತಿಯ ಅವಳಿ ತಂಗಿಯನ್ನೇ ಕೊಟ್ಟಳು.

ತಂದು ಹಳಿಯ ಮೇಲಿಟ್ಟು ಸ್ವಿಚ್ ಹಾಕಿದೆ. ಅಯ್ಯೋ ನನ್ನಪ್ಪ! ಮಿಕ್ಸಿಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದ ಹಾಗೆ ಸದ್ದು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಏನ್ರೀ, ಕೊಳಾಯಿ ರಿಪೇರಿನಾ ಅಂದರು. ತಿರುವಿಗೆ ಬಂದದ್ದೇ ತಡ, ಹಳಿ ಬಿಟ್ಟು ಮೇಜಿನಿಂದ ಹಾರಿ ನನ್ನ ಮಡಿಲಿಗೇ ಬಿತ್ತು. ಹಳಿಯದೇ ತಪ್ಪಿರಬೇಕು ಅಂತ ನೀವು ಬಿಟ್ಟುಹೋದ ಸವತಿಯನ್ನು ಇಟ್ಟು ನೋಡಿದೆ. ಅವಳು ಮಹಾರಾಣಿಯ ಹಾಗೆ ಹೋದಳು.

ಆಗ ನನಗೆ ಅನುಮಾನ ಬಂತು. ಪೇಪರ್ ಹಾಸಿ, ಇಬ್ಬರನ್ನೂ ಮಗುಚಿ ಮಲಗಿಸಿ, ಹೊಟ್ಟೆ ಬಿಚ್ಚಿದೆ.

ತಂಗಿಯ ಹೊಟ್ಟೆಯಲ್ಲಿ ಗಾಲಿಗಳ ಅಂಚಿಗೆಲ್ಲ ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಮುಳ್ಳು, ತಂತಿ ಇವತ್ತೋ ನಾಳೆಯೋ ಅನ್ನುವಂತೆ ನೇತಾಡುತ್ತಿದೆ, ಮೋಟಾರು ಸಡಿಲವಾಗಿ ಅಲ್ಲಾಡುತ್ತಿದೆ. ಸವತಿಯ ಹೊಟ್ಟೆಯಲ್ಲಿ ಏನು ಕಂಡೆ ಗೊತ್ತೇ? ಗಾಲಿಗಳ ಅಂಚು ಅರ ತಾಗಿ ನುಣ್ಣಗಾಗಿದೆ. ತಂತಿಗೆ ಹೊಸ ಬೆಸುಗೆ, ಮಂಜಿನ ಹನಿಯಷ್ಟು, ಗುಂಡಗೆ, ಹೊಳೆಯುತ್ತ. ಮೋಟಾರಿನ ಅಡಿಗೆ ಕಾಗದದಷ್ಟು ತೆಳ್ಳಗಿನ ಹಿತ್ತಾಳೆ ತಗಡು. ಹಳಿಯ ಮೇಲೆ ಗಟ್ಟಿಯಾಗಿ ಕೂರಲಿ ಅಂತ ನಮ್ಮದೇ ಹಿತ್ತಾಳೆಯ ಒಂದು ತುಂಡು. ಸಾಲದ್ದಕ್ಕೆ ಆ ತುಂಡನ್ನು ಯಾರಿಗೂ ಕಾಣದ ಒಳಮೈಯಲ್ಲಿ ಉಜ್ಜಿ ಪಾಲಿಷ್ ಬೇರೆ ಮಾಡಿದ್ದೀರಿ.

ಅಧ್ಯಯನವಂತೆ, ಅಧ್ಯಯನ!

ನೀವು ಬೇಕೆಂದು ಮಾಡಿದಿರಿ ಅಂತ ನಾನು ಅನ್ನುವುದಿಲ್ಲ. ಬಿಚ್ಚಿ ನೋಡಿದ್ದೀರಿ, ಮತ್ತೆ ಜೋಡಿಸಿದ್ದೀರಿ. ಆದರೆ ನಿಮ್ಮ ಕೈಗೆ ಕೆಟ್ಟದಾಗಿ ಜೋಡಿಸುವುದು ಬರುವುದಿಲ್ಲ. ಕೆಲವರು ಮಾತಾಡುತ್ತ ಮೀಸೆ ತಿರುವುವ ಹಾಗೆ ನೀವು ಯೋಚನೆ ಮಾಡುತ್ತ ಅರ ಆಡಿಸುತ್ತೀರಿ. ಶತ್ರುವನ್ನು ಬೈಯುತ್ತ ಬೈಯುತ್ತಲೇ ಅವನ ಶೀತ, ಕೆಮ್ಮು, ಕೀಲುನೋವು ಎಲ್ಲಾ ವಾಸಿ ಮಾಡಿ ಕಳಿಸಿದ್ದೀರಿ. ಹೊಸ ಇಂಜಿನ್ನನ್ನು ದಿನಾ ಒಂದಷ್ಟು ಹೊತ್ತು ಓಡಿಸಿ ಪಳಗಿಸಬೇಕು ಅಂತ ನನಗೆ ಹೇಳಿಕೊಟ್ಟವರೇ ನೀವು. ನಮ್ಮ ಹಸಿರಿಗೆ ಆ ವಾರ ಯಾರು ಇದ್ದರು? ಅದು ಮುನಿಸಿಕೊಂಡು ತಿರುವಿನಲ್ಲಿ ನಿಂತದ್ದು ನ್ಯಾಯವೇ. ಯಜಮಾನರ ಗುಣವೇ ಬಂದಿದೆ ಅದಕ್ಕೆ.

ನೀವು ಸೋತದ್ದು ನಿಜ. ಆದರೆ ಯಾರಿಗೆ ಸೋತಿರಿ ನೋಡಿ. ನಾನು ಪೇಪರಿನ ಮೇಲೆ ಅವರಿಬ್ಬರನ್ನೂ ಹಾಗೇ ಬಿಟ್ಟು ಬಹಳ ಹೊತ್ತು ನಕ್ಕೆ. ನಗುತ್ತಿದ್ದದ್ದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

ಹಲ್ಲಿನ ಡಾಕ್ಟರನ್ನು ಕರೆಸಿದೆ. ಅವರು ತಮ್ಮ ಕೆಲಸದ ಭೂತಗನ್ನಡಿ ಹಾಕಿಕೊಂಡು, ಬಾಯಿ ತೆಗೀರಿ ಅನ್ನುವ ಠೀವಿಯಲ್ಲೇ ಇಬ್ಬರ ಹೊಟ್ಟೆಯನ್ನೂ ನೋಡಿದರು. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ತಮ್ಮ ಚೀಲದಿಂದ ಒಂದು ಡಬ್ಬಿ ತೆಗೆದರು. ಆ ಭಾನುವಾರ ಸಂಜೆಯೇ ಕೊಂಡಿದ್ದಂತೆ! ಮನೆಯಲ್ಲಿ ಅದರ ಸದ್ದಿಗೆ ಹೆಂಡತಿ, ಅದು ಇರಬೇಕು ಇಲ್ಲಾ ನಾನಿರಬೇಕು ಅಂದಿದ್ದಾರಂತೆ. ಯಜಮಾನರ ಕೈಲಿ ಇದನ್ನೂ ಹಾಗೇ ಮಾಡಿಸಿಕೊಡ್ತೀರಾ ಅಂತ ಕೇಳಿದರು. ಯಜಮಾನರು ರಜೆಯಲ್ಲಿದ್ದಾರೆ ಅಂದೆ. ಬೆಂಚಿನ ಮೇಲೆ ಇಟ್ಟು ಹೋದರು. ಹೋಗಿ ಬಾಯಿ ಮುಚ್ಚಿಕೊಂಡು ಕೂತರೇ? ಬೇರೆಯವರ ಬಾಯಿ ತೆಗೆಸುವ ಕಸುಬಿನವರು, ಕುರ್ಚಿಯಲ್ಲಿ ಮಲಗಿದವರಿಗೆಲ್ಲ ಹೇಳಿದ್ದಾರೆ. ಈಗ ಅವರೆಲ್ಲ ತಂದಿಟ್ಟ ಪ್ಲಾಸ್ಟಿಕ್ ಇಂಜಿನ್ನುಗಳಿಂದ ಬೆಂಚಿನ ಮೇಲೆ ನನ್ನ ಕುಂಚ ಇಡಲು ಜಾಗವಿಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ನಾನೇನು ಕಸ ರಿಪೇರಿ ಮಾಡುವವನಾ ಅನ್ನುತ್ತೀರಿ. ಅಲ್ಲ. ಹಿತ್ತಾಳೆ ಬಿಡಿ ಅಂತ ನಾನು ಕೇಳುತ್ತಲೂ ಇಲ್ಲ. ಕರೆಂಟು, ಬಾಡಿಗೆ, ಬಣ್ಣದ ಖರ್ಚನ್ನು ಪ್ಲಾಸ್ಟಿಕ್ ತಂದಿಟ್ಟವರು ನೋಡಿಕೊಳ್ಳಲಿ. ಹಿತ್ತಾಳೆಯವಳನ್ನು ನೀವು ಮೊದಲಿನ ಹಾಗೆ, ನಿಮಗೆ ಬೇಕಾದಷ್ಟು ನಿಧಾನವಾಗಿ ಮಾಡಿ. ಆ ಪ್ಲಾಸ್ಟಿಕ್ ಕಂಪನಿಯವರು ರಾಶಿ ರಾಶಿ ಹೆತ್ತು ಬೀದಿಗೆ ಬಿಡುತ್ತಾರೆ. ನಡೆಯುವುದನ್ನು ಕಲಿಸುವವರು ಒಬ್ಬರು ಬೇಡವೇ?

ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಹಸಿರು ಇಂಜಿನ್ನಿನ ಪಕ್ಕದ ಬಿಳಿ ಗೆರೆ ತಿದ್ದಲು ಕೂತಿದ್ದೆ. ಸೊಟ್ಟಗೆ ಬಂತು. ಒರೆಸಿ ಮತ್ತೆ ಎಳೆದೆ, ಮತ್ತೂ ಸೊಟ್ಟ. ಕಣ್ಣು ಸರಿಯಿದೆ, ಕುಂಚ ಸರಿಯಿದೆ. ಆಮೇಲೆ ಗೊತ್ತಾಯಿತು, ಪಕ್ಕದ ಕೋಣೆಯಿಂದ ಅರದ ಸದ್ದಿಲ್ಲ. ಇಷ್ಟು ವರ್ಷ ನಾನು ಆ ಸದ್ದಿಗೇ ಉಸಿರು ಬಿಟ್ಟು, ಉಸಿರು ಎಳೆದು ಗೆರೆ ಹಾಕುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ ಕಣ್ರೀ.

ಗುಜರಿಯವನು ಬಂದು ಲೇತ್ ನೋಡಿಕೊಂಡು ಹೋದ. ತಟ್ಟಿ ನೋಡಿ, ಹಳೇ ಕಬ್ಬಿಣ, ತೂಕದ ಲೆಕ್ಕಕ್ಕೆ ಹಾಕ್ಕೊಳ್ತೀನಿ ಅಂದ. ಅವನಿಗೆ ಸಕ್ಕರೆ ಹಾಕದ ಟೀ ಕೊಟ್ಟೆ, ನನ್ನ ಕೈಲಾದ ಪ್ರತಿಭಟನೆ. ನಾಳೆ ಬೆಳಗ್ಗೆ ಗಾಡಿ ತರುತ್ತಾನೆ. ನಾನು ಬೇಡ ಅನ್ನಲಿಲ್ಲ. ಯಂತ್ರ ನಿಮ್ಮದು, ಮಾತು ಕೊಟ್ಟವರು ನೀವು. ಮಾರುವುದೇ ಸರಿ ಅಂದರೆ ಗಾಡಿಗೆ ಏರಿಸಲು ನಾನೂ ಒಂದು ಕೈ ಹಿಡಿಯುತ್ತೇನೆ. ಆದರೆ ಹಾಗನ್ನುವ ಮೊದಲು ಈ ಇಬ್ಬರ ಹೊಟ್ಟೆಯನ್ನು ಒಮ್ಮೆ ನೋಡಿ. ಇಷ್ಟೇ ನನ್ನ ಅರ್ಜಿ.

ಇಂತಿ,
ಸವತಿಯ ಮೇಲೆ ಈಗ ಯಾವ ಸಿಟ್ಟೂ ಇಲ್ಲದ,
ನಿಮ್ಮ ಬಣ್ಣದವಳು

ಮರೆತಿದ್ದೆ: ಅಂಚೆಗೆ ಹಾಕಿದರೆ ಈ ಕಾಗದ ತಲುಪುವ ಹೊತ್ತಿಗೆ ಲೇತ್ ಕರಗಿ ಬಾಣಲೆಯಾಗಿರುತ್ತದೆ. ಅದಕ್ಕೇ ನಾನೇ ತಂದಿದ್ದೇನೆ. ಕೆಳಗೆ ನಿಮ್ಮ ಅಕ್ಕನ ಊಟದ ಮೇಜಿನ ಮೇಲೆ ಹಳಿ ಜೋಡಿಸಿಕೊಂಡು ಕೂತು ಈ ಸಾಲು ಬರೆಯುತ್ತಿದ್ದೇನೆ. ಅವರು ಕಾಗದವನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಬಂದ ಕೂಡಲೇ ಸ್ವಿಚ್ ಹಾಕುತ್ತೇನೆ. ಓಡುವುದು ತಂಗಿ, ನೀವಿನ್ನೂ ಮುಟ್ಟದವಳು. ನೀವು ಇಷ್ಟು ಓದುವಷ್ಟರಲ್ಲಿ ಆ ಕರಕರ ಮೇಲಕ್ಕೂ ಕೇಳುತ್ತಿರಬೇಕು. ಎಷ್ಟು ಹೊತ್ತು ತಡೆದುಕೊಳ್ಳುತ್ತೀರೋ ತಡೆದುಕೊಳ್ಳಿ. ಇಳಿದು ಬರುವಾಗ ಚಿಕ್ಕ ಅರ ತನ್ನಿ, ಅದರ ಗಾಲಿ ಸಣ್ಣದು.